ಚಕಮಕಿ ಕೋವಿಯಲ್ಲಿ ಕಲ್ಲು ಕೂರಿಸುವ ಕ್ರಮ: ಒಂದು ಜನಪದ ತಂತ್ರಜ್ಞಾನದ ವಿವೇಚನೆ

ಕನ್ನಡ ಪತ್ರಿಕೆಗಳಲ್ಲಿ ‘ಗುಂಡಿನ ಚಕಮಕಿ’ ಎಂಬ ಮಾತು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ. ಶಾಸನಸಭೆಯ ವರದಿಗಳಲ್ಲಿ ‘ಮಾತಿನ ಚಕಮಕಿ’ ನಡೆಯುತ್ತಲೇ ಇರುತ್ತದೆ. ಈ ಮಾತುಗಳನ್ನು ಬಳಸುವ ಬಹುಪಾಲು ಜನರು ಚಕಮಕಿಯನ್ನು ಕಣ್ಣಾರೆ ಕಂಡವರಲ್ಲ. ವಸ್ತು ಮರೆಯಾದ ಮೇಲೂ ಅದರ ಹೆಸರು ನುಡಿಯಲ್ಲಿ ಉಳಿದುಕೊಳ್ಳುವುದು ಜಾನಪದ ಅಧ್ಯಯನಕ್ಕೆ ಹೊಸ ಸಂಗತಿಯಲ್ಲ. ಆದರೆ ಚಕಮಕಿಯ ವಿಷಯದಲ್ಲಿ ಹೆಸರಿನೊಡನೆ ಉಳಿಯಬೇಕಾಗಿದ್ದ ಒಂದು ತಿಳಿವಳಿಕೆ ಉಳಿಯದೆ ಹೋಗಿದೆ. ಕಲ್ಲನ್ನು ಹೇಗೆ ಹಿಡಿಯಬೇಕು ಎಂಬುದೇ ಆ ತಿಳಿವಳಿಕೆ.

ಚಕಮಕಿ ಎಂಬುದು ಮೂಲತಃ ತುರ್ಕಿ ಭಾಷೆಯ ಪದ. ಹೊಡೆ, ಕಿಡಿ ಹಾರಿಸು ಎಂಬರ್ಥದ ‘ಚಕ್ಮಕ್’ ಎಂಬ ಧಾತು ಪಾರಸಿ ಮತ್ತು ಹಿಂದುಸ್ತಾನಿಗಳ ಮೂಲಕ ದಕ್ಷಿಣದ ಭಾಷೆಗಳಿಗೆ ಬಂದಿದೆ. ಕನ್ನಡದಲ್ಲಿ ಚಕಮಕಿ, ಚಕಮುಕಿ, ತೆಲುಗಿನಲ್ಲಿ ಚೆಕುಮುಕಿ, ತಮಿಳಿನಲ್ಲಿ ಚಕ್ಕಿಮುಕ್ಕಿ ಎಂಬ ರೂಪಗಳಿವೆ. ರೈತನ ಸೊಂಟದ ಚೀಲದಲ್ಲಿದ್ದ ಬೆಂಕಿಯ ಸಾಧನಕ್ಕೂ ಸಿಪಾಯಿಯ ಹೆಗಲಿನ ಕೋವಿಗೂ ಇದೊಂದೇ ಹೆಸರು. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಕೋವಿಯಲ್ಲಿ ಕಲ್ಲು ಕೂರಿಸುವ ಕ್ರಮದ ಅರ್ಥ ಸ್ಪಷ್ಟವಾಗುತ್ತದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಕೈ ಚಕಮಕಿ

ಬೆಂಕಿಪೊಟ್ಟಣ ಹಳ್ಳಿ ಹಳ್ಳಿಗೂ ತಲಪುವ ಮುನ್ನ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯಲ್ಲಿ ಒಲೆಯ ಬೆಂಕಿಯನ್ನು ಬೂದಿಯಲ್ಲಿ ಮುಚ್ಚಿ ಉಳಿಸಿಕೊಳ್ಳುವುದು, ಆರಿದರೆ ನೆರೆಮನೆಯಿಂದ ಕೆಂಡ ತರುವುದು ವಾಡಿಕೆಯಾಗಿತ್ತು. ಹೊಲದಲ್ಲಿ, ದನಗಾಹಿಗಳ ಬಯಲಿನಲ್ಲಿ, ದಾರಿಯಲ್ಲಿ ಇದು ಸಾಧ್ಯವಿರಲಿಲ್ಲ. ಅಲ್ಲಿ ನೆರವಿಗೆ ಬರುತ್ತಿದ್ದುದು ಚಕಮಕಿ. ಅದರ ಅಂಗಗಳು ಮೂರು: ಒಂದು ಗಟ್ಟಿ ಕಲ್ಲು, ಒಂದು ಉಕ್ಕಿನ ತುಂಡು, ಕಿಡಿಯನ್ನು ಹಿಡಿದುಕೊಳ್ಳುವ ಒಣ ಅರಳೆ. ಅರಳೆಗೆ ಬಯಲುಸೀಮೆಯಲ್ಲಿ ಬೂರುಗದ ಹತ್ತಿಯೂ ಮಲೆನಾಡಿನ ಕಡೆ ಬೈನೆ ಮರದ ಎಲೆಬುಡದ ಜುಂಗೂ ಒದಗುತ್ತಿದ್ದವು.

ಕಲ್ಲಿಗೆ ಈ ನಾಡಿನಲ್ಲಿ ಕೊರತೆಯಿಲ್ಲ. ಭೂವಿಜ್ಞಾನಿಗಳು ‘ಹೊಳೆನರಸೀಪುರ ಶಿಸ್ಟ್ ಪಟ್ಟಿ’ ಎಂದು ಕರೆಯುವ ಶಿಲಾವಲಯ 300 ಕೋಟಿ ವರ್ಷಗಳಿಗೂ ಹಳೆಯದು. ದಕ್ಷಿಣ ಭಾರತದ ಅತ್ಯಂತ ಪ್ರಾಚೀನ ಶಿಲೆಗಳಲ್ಲಿ ಅದೂ ಒಂದು. ಹಾಸನ ಸೀಮೆಯ ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡದ್ದು ಉಳಿಗೆ ಸುಲಭವಾಗಿ ಒಗ್ಗುವ ಮೆದುವಾದ ಬಳಪದ ಕಲ್ಲನ್ನು. ಬೆಂಕಿಗೆ ಬೇಕಾದದ್ದು ಅದರ ವಿರುದ್ಧ ಗುಣದ ಕಲ್ಲು. ಹೊಲದ ಬದುಗಳಲ್ಲಿ, ಹೇಮಾವತಿಯ ಪಾತ್ರದಲ್ಲಿ ಬೆಳ್ಳಗೆ ಹೊಳೆಯುವ ಬೆಣಚುಕಲ್ಲು ಅಂಥದು.

ಬೆಣಚುಕಲ್ಲುಗಳೆರಡನ್ನು ಕತ್ತಲಲ್ಲಿ ಉಜ್ಜಿ ಬೆಳಕು ಕಾಣುವುದು ಹಳ್ಳಿಯ ಮಕ್ಕಳ ಆಟ. ಆ ಬೆಳಕು ತಣ್ಣನೆಯದು. ಅದರಿಂದ ಅರಳೆ ಹೊತ್ತುವುದಿಲ್ಲ. ಚಕಮಕಿಯ ಕಿಡಿ ಕಲ್ಲಿನದಲ್ಲ, ಉಕ್ಕಿನದು. ಉಕ್ಕಿಗಿಂತ ಗಡುಸಾದ ಕಲ್ಲಿನ ಹರಿತ ಅಂಚು ಉಕ್ಕಿನ ಮೈಯಿಂದ ಅತಿ ಸೂಕ್ಷ್ಮ ಚೂರುಗಳನ್ನು ಹೆರೆಯುತ್ತದೆ. ಹೆರೆಯುವ ಬಿಸಿಗೆ ಆ ಚೂರುಗಳು ಗಾಳಿಯಲ್ಲಿ ಹೊತ್ತಿ ಉರಿಯುತ್ತವೆ. ಕೆಂಪು ಕಿಡಿಯಾಗಿ ಕಾಣುವುದು ಉರಿಯುತ್ತಿರುವ ಕಬ್ಬಿಣವೇ. ಆದ್ದರಿಂದ ಚಕಮಕಿಯ ಕೆಲಸವನ್ನು ಗುದ್ದುವುದು ಎನ್ನುವುದಕ್ಕಿಂತ ಹೆರೆಯುವುದು ಎನ್ನುವುದೇ ಸರಿ. ಅಂಚು ಹರಿತವಾಗಿರಬೇಕು, ಓರೆಯಾಗಿ ಜಾರಬೇಕು, ಜಾರುವಾಗ ಕಲ್ಲು ಕದಲಬಾರದು.

ಇಲ್ಲಿ ಕೈಯ ಪಾತ್ರವನ್ನು ಗಮನಿಸಬೇಕು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕಲ್ಲನ್ನು ಬಿಗಿಯಾಗಿ ಹಿಡಿದರೂ ಬೆರಳಿನ ಮಾಂಸ ತುಸು ಮಣಿಯುತ್ತದೆ. ಪೆಟ್ಟಿನ ಅದಿರು ಕಲ್ಲನ್ನು ಒಡೆಯದಂತೆ ತಡೆಯುತ್ತದೆ. ಒಂದು ಅಂಚು ಮೊಂಡಾದರೆ ಬೆರಳು ತಾನಾಗಿ ಮತ್ತೊಂದು ಅಂಚನ್ನು ಮುಂದಕ್ಕೆ ತರುತ್ತದೆ. ಕಿಡಿ ಅರಳೆಯ ಮೇಲೆ ಬೀಳದಿದ್ದರೆ ಮಣಿಕಟ್ಟು ಓರೆಯನ್ನು ತಿದ್ದಿಕೊಳ್ಳುತ್ತದೆ. ಬಿಗಿ, ಮಣಿತ, ತಿರುವು, ಗುರಿ ಎಂಬ ಈ ನಾಲ್ಕು ಕೆಲಸಗಳನ್ನು ಕೈ ಯಾರೂ ಹೇಳಿಕೊಡದೆ ಮಾಡುತ್ತದೆ. ಕೋವಿಯಲ್ಲಿ ಕೈ ಇಲ್ಲ. ಈ ನಾಲ್ಕೂ ಕೆಲಸಗಳನ್ನು ಕಬ್ಬಿಣ, ತಿರುಪು ಮತ್ತು ಒಂದು ಚೂರು ತೊಗಲಿಗೆ ಒಪ್ಪಿಸಬೇಕು. ಕಲ್ಲು ಕೂರಿಸುವ ವಿದ್ಯೆಯ ಸಾರ ಇಷ್ಟೆ.

ಜಾಮಗಿಯಿಂದ ಚಕಮಕಿಗೆ

ಕರ್ನಾಟಕದಲ್ಲಿ ಮೊದಲು ಬಳಕೆಗೆ ಬಂದದ್ದು ಜಾಮಗಿ ಕೋವಿ. ಜಾಮಗಿ ಎಂದರೆ ನಿಧಾನವಾಗಿ ಉರಿಯುವ ಬತ್ತಿ. ಅದನ್ನು ಸದಾ ಹೊತ್ತಿಸಿಟ್ಟುಕೊಂಡೇ ಇರಬೇಕು. ಮಳೆಯಲ್ಲಿ ಅದು ಆರುತ್ತದೆ. ರಾತ್ರಿಯಲ್ಲಿ ಅದರ ಕೆಂಪು ತುದಿ ಶತ್ರುವಿಗೆ ಗುರುತು ಕೊಡುತ್ತದೆ. ಮದ್ದಿನ ಚೀಲದ ಪಕ್ಕದಲ್ಲಿ ಉರಿಯುವ ಬತ್ತಿ ಇರುವುದೇ ಒಂದು ಅಪಾಯ. ಬೇಕಾದ ಕ್ಷಣದಲ್ಲಿ ಮಾತ್ರ ಕಿಡಿ ಹುಟ್ಟಿಸುವ ಚಕಮಕಿ ಕೋವಿ 17ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ಒಂದು ನೆಲೆಯಾದ ರೂಪ ಪಡೆಯಿತು. ಮುಂದಿನ ಇನ್ನೂರು ವರ್ಷ ಲೋಕದ ಸೈನ್ಯಗಳಲ್ಲಿ ಅದು ಪ್ರಧಾನ ಆಯುಧವಾಗಿತ್ತು.

ಮೈಸೂರು ರಾಜ್ಯದಲ್ಲಿ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಚಕಮಕಿ ಕೋವಿ ಸ್ಥಳೀಯ ಕಮ್ಮಟಗಳಲ್ಲಿ ತಯಾರಾಯಿತು. ಟಿಪ್ಪುವಿನ ಆಳ್ವಿಕೆಯಲ್ಲಿ ತಯಾರಾದ ಕೋವಿಗಳನ್ನು ಅವುಗಳ ಮೇಲಿನ ಹುಲಿಪಟ್ಟೆಯ ಗುರುತಿನಿಂದ ಇಂದಿಗೂ ಗುರುತಿಸಲಾಗುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅವುಗಳಲ್ಲಿ ಹಲವು ಇಂಗ್ಲೆಂಡಿನ ಸಂಗ್ರಹಗಳಿಗೆ ಸೇರಿದವು. ಅವುಗಳ ಕುರಿತು ರಾಬಿನ್ ವಿಗಿಂಗ್‌ಟನ್ ಬರೆದ ಗ್ರಂಥ 1992ರಲ್ಲಿ ಪ್ರಕಟವಾಯಿತು. ಹಾಸನ ಜಿಲ್ಲೆಗೂ ಈ ಚರಿತ್ರೆಯಲ್ಲಿ ಪಾಲಿದೆ. ಸಕಲೇಶಪುರದ ಬಳಿ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯಲ್ಲಿ ಮದ್ದನ್ನು ತೇವದಿಂದ ಕಾಪಾಡಿ ಇಡುತ್ತಿದ್ದ ಕೋಣೆಗಳು ಈಗಲೂ ಇವೆ. ಮಲೆನಾಡಿನ ಮಳೆಯಲ್ಲಿ ಕೋವಿಯನ್ನು ನಂಬುವುದು ಎಷ್ಟು ಕಷ್ಟದ ಕೆಲಸವಾಗಿತ್ತೆಂಬುದಕ್ಕೆ ಆ ಕೋಣೆಗಳೇ ಸಾಕ್ಷಿ.

ಕೋವಿಯ ಅಂಗಗಳು

ನಳಿಗೆಯ ಬುಡದ ಬಲಮಗ್ಗುಲಲ್ಲಿ ಒಂದು ಸಣ್ಣ ಕಿಂಡಿ ಇರುತ್ತದೆ. ಅದಕ್ಕೆ ಅಂಟಿಕೊಂಡಂತೆ ಹೊರಗೆ ಒಂದು ಪುಟ್ಟ ಬಟ್ಟಲು. ಅದರಲ್ಲಿ ಹಾಕುವ ನುಣುಪಾದ ಮದ್ದಿಗೆ ‘ರಂಜಕ’ ಎಂದು ಹೆಸರು. ಬಟ್ಟಲಿನ ಮುಚ್ಚಳ ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಬಾಗಿದ್ದು, ಅಡ್ಡಭಾಗ ರಂಜಕವನ್ನು ಮುಚ್ಚುತ್ತದೆ. ನಿಂತ ಭಾಗ ಕಲ್ಲಿನ ಪೆಟ್ಟು ತಿನ್ನುವ ಉಕ್ಕಿನ ಫಲಕ. ಅದರ ಎದುರಿಗೆ, ಸ್ಪ್ರಿಂಗಿನ ಬಲದಿಂದ ಮುಂದಕ್ಕೆ ಎರಗುವ ಕಬ್ಬಿಣದ ಕೊಕ್ಕಿಗೆ ಕನ್ನಡದಲ್ಲಿ ‘ಕುದುರೆ’ ಎನ್ನುತ್ತಾರೆ. ಮರಾಠಿಯ ‘ಘೋಡಾ’, ತಮಿಳಿನ ‘ಕುದಿರೈ’ ಇದೇ ಕಲ್ಪನೆಯ ಪದಗಳು. ಇಂದಿನ ಬರವಣಿಗೆಯಲ್ಲಿ ಬೆರಳಿನಿಂದ ಎಳೆಯುವ ಕೊಕ್ಕೆಗೂ ಕುದುರೆ ಎಂಬ ಪದ ಸಂದಿದೆ. ಈ ಲೇಖನದಲ್ಲಿ ಆ ಪದ ಎರಗುವ ಭಾಗಕ್ಕೆ ಮಾತ್ರ ಮೀಸಲು.

ಕುದುರೆಯ ತಲೆಯಲ್ಲಿ ಕೆಳದವಡೆ, ಮೇಲ್ದವಡೆ ಎಂದು ಎರಡು ಭಾಗಗಳಿದ್ದು ಒಂದು ತಿರುಪು ಅವೆರಡನ್ನು ಬಿಗಿಯುತ್ತದೆ. ಕಲ್ಲು ಕೂರುವುದು ಈ ದವಡೆಗಳ ನಡುವೆ. ಕುದುರೆಗೆ ಎರಡು ಏರಿಕೆಗಳಿವೆ. ಅರ್ಧ ಏರಿಕೆಯಲ್ಲಿ ಅದು ಕೊಕ್ಕೆಗೆ ಜಗ್ಗದೆ ನಿಲ್ಲುತ್ತದೆ. ಪೂರ್ಣ ಏರಿಕೆಯಿಂದ ಬಿಟ್ಟಾಗ ಕಲ್ಲು ಉಕ್ಕಿನ ಫಲಕವನ್ನು ಮೇಲಿನಿಂದ ಕೆಳಕ್ಕೆ ಹೆರೆಯುತ್ತ ಅದನ್ನು ಮುಂದಕ್ಕೆ ತಳ್ಳುತ್ತದೆ. ಮುಚ್ಚಳ ತೆರೆದುಕೊಂಡು ಕಿಡಿಗಳು ರಂಜಕದ ಮೇಲೆ ಸುರಿಯುತ್ತವೆ. ರಂಜಕದ ಉರಿ ಕಿಂಡಿಯ ಮೂಲಕ ನಳಿಗೆಯೊಳಗಿನ ಮದ್ದನ್ನು ಮುಟ್ಟುತ್ತದೆ. ಇಷ್ಟೆಲ್ಲವೂ ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯಬೇಕು. ನುಣುಪು ನಳಿಗೆಯ ಸಾಮಾನ್ಯ ಬಂದೂಕಿಗಿಂತ ಸುರುಳಿ ಗೀರುಗಳಿರುವ ರೈಫಲಿನಲ್ಲಿ ಇದಕ್ಕೆ ಮಹತ್ವ ಹೆಚ್ಚು. ಸಾಲಾಗಿ ನಿಂತು ಒಟ್ಟಿಗೆ ಹಾರಿಸುವವನಿಗೆ ತುಸು ವಿಳಂಬ ಅಷ್ಟೇನೂ ಬಾಧಕವಲ್ಲ. ದೂರದ ಗುರಿಯನ್ನು ಹಿಡಿದು ಉಸಿರು ಬಿಗಿದು ನಿಂತವನಿಗೆ ಕಿಡಿ ತಡವಾದರೆ ಗುರಿಯೇ ತಪ್ಪುತ್ತದೆ.

ಕಲ್ಲಿನ ಆಯ್ಕೆ

ಕೈ ಚಕಮಕಿಗೆ ಸಾಕಾಗುವ ಬೆಣಚುಕಲ್ಲು ಕೋವಿಗೆ ಅಷ್ಟಾಗಿ ಒಗ್ಗುವುದಿಲ್ಲ. ಅದು ಒಡೆದಾಗ ಅಂಚು ಪುಡಿಪುಡಿಯಾಗುತ್ತದೆ. ಕೈಯಾದರೆ ಅಂಚು ಬದಲಿಸುತ್ತದೆ. ಕುದುರೆ ಮಾತ್ರ ಅದೇ ಅಂಚನ್ನು ಅದೇ ಜಾಗಕ್ಕೆ ಮತ್ತೆ ಮತ್ತೆ ಬಡಿಯುತ್ತದೆ. ಕೋವಿಗೆ ಬೇಕಾದದ್ದು ಹರಳುಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿದ್ದು, ಗಾಜಿನಂತೆ ಚಿಪ್ಪು ಚಿಪ್ಪಾಗಿ ಒಡೆಯುವ ಕಲ್ಲು. ಇಂಗ್ಲೆಂಡಿನ ಸುಣ್ಣದ ಪದರಗಳಲ್ಲಿ ಸಿಗುವ ಚಕಮಕಿ ಕಲ್ಲು ಇಂಥದು. ಸಫೋಕ್ ಪ್ರಾಂತದ ಬ್ರ್ಯಾಂಡನ್ ಪಟ್ಟಣ ಕೋವಿಗಲ್ಲುಗಳನ್ನು ಸೀಳುವ ಕಸುಬಿಗೆ ಹೆಸರಾಗಿತ್ತು. ಕರ್ನಾಟಕದಲ್ಲಿ ಕೃಷ್ಣಾ, ಭೀಮಾ ನದಿಗಳ ಕಡೆ ದೊರೆಯುವ ಅಗೇಟು, ಕ್ಯಾಲ್ಸಿಡನಿ ಮತ್ತು ಚರ್ಟ್ ಕಲ್ಲುಗಳಿಗೆ ಇದೇ ಗುಣವಿದೆ. ಹೊಳೆನರಸೀಪುರ ಸೀಮೆಯ ಗಟ್ಟಿ ಶಿಲೆಗಳ ನಡುವೆ ಬದುಕಿದವನಿಗೂ ಕೋವಿಯ ಮಟ್ಟಿಗೆ ಹೊರಗಿನ ಕಲ್ಲೇ ಮೇಲಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಕಲ್ಲಿನ ಆಕಾರ ಬೆಣೆಯಂತೆ ಇರಬೇಕು. ಮುಂದಿನ ಅಂಚು ನೇರ ಮತ್ತು ಹರಿತ, ಹಿಂಬದಿ ದಪ್ಪ ಮತ್ತು ಚಪ್ಪಟೆ. ಅಗಲ ಉಕ್ಕಿನ ಫಲಕದ ಅಗಲಕ್ಕೆ ಸಮನಾಗಿ ಅಥವಾ ಕೂದಲೆಳೆಯಷ್ಟು ಕಡಿಮೆ ಇರಬೇಕು. ಅಗಲ ಹೆಚ್ಚಾದರೆ ಕಲ್ಲಿನ ಮೂಲೆ ನಳಿಗೆಯನ್ನು ಉಜ್ಜಿ ಎರಡೂ ಕೆಡುತ್ತವೆ. ಕಡಿಮೆಯಾದರೆ ಫಲಕದ ಒಂದೇ ಭಾಗ ಸವೆದು ಗಾಡಿ ಬೀಳುತ್ತದೆ.

ಕೂರಿಸುವ ಕ್ರಮ

ಮೊದಲನೆಯ ಕೆಲಸ ಎಚ್ಚರಿಕೆಯದು. ಹಳೆಯ ಮನೆಗಳ ಅಟ್ಟದಲ್ಲಿ ಸಿಗುವ ಕೋವಿಗಳಲ್ಲಿ ತಲೆಮಾರುಗಳ ಹಿಂದಿನ ಮದ್ದು ಹಾಗೆಯೇ ಉಳಿದಿರುವ ಸಾಧ್ಯತೆ ಇರುತ್ತದೆ. ಕುದುರೆಯನ್ನು ಮುಟ್ಟುವ ಮುನ್ನ ಕಡ್ಡಿಯನ್ನು ನಳಿಗೆಯೊಳಗೆ ಇಳಿಸಿ, ಅದು ಕಿಂಡಿಯವರೆಗೂ ಹೋಗುತ್ತದೆಯೆ ಎಂದು ಹೊರಗಿನಿಂದ ಅಳೆದು ನೋಡಬೇಕು. ಬರಿದಾಗಿದೆಯೆಂದು ಖಚಿತವಾದ ಮೇಲಷ್ಟೇ ಮುಂದಿನ ಕೆಲಸ.

ಎರಡನೆಯದು ತೊಗಲು. ಕಲ್ಲನ್ನು ಬರಿಯ ಕಬ್ಬಿಣದ ದವಡೆಗಳ ನಡುವೆ ಬಿಗಿಯಬಾರದು. ಎರಡು ಗಡುಸು ವಸ್ತುಗಳು ಒಂದನ್ನೊಂದು ಹಿಡಿಯುವುದಿಲ್ಲ. ಬಿಗಿ ಹೆಚ್ಚಿದರೆ ಕಲ್ಲು ಸೀಳುತ್ತದೆ, ಕಡಿಮೆಯಾದರೆ ಜಾರುತ್ತದೆ. ಆದ್ದರಿಂದ ತೆಳ್ಳನೆಯ, ಚೆನ್ನಾಗಿ ಹದಗೊಂಡ ತೊಗಲಿನ ಚೂರನ್ನು ಮಡಿಸಿ ಕಲ್ಲಿನ ಹಿಂಬದಿಯನ್ನು ಮೇಲೆ ಕೆಳಗೆ ಸುತ್ತಿ ಕೂರಿಸುತ್ತಾರೆ. ಬೆರಳಿನ ಮಾಂಸ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ತೊಗಲು ಮಾಡುತ್ತದೆ. ಮಡಿಕೆಯ ನಡುವೆ ಒಂದು ಸಣ್ಣ ಕಂಡಿ ಕತ್ತರಿಸಿದರೆ ಕಲ್ಲಿನ ಬೆನ್ನು ನೇರವಾಗಿ ತಿರುಪಿನ ಕಂಬಕ್ಕೆ ಆನಿಕೊಂಡು ಹಿಂದಕ್ಕೆ ಸರಿಯದೆ ನಿಲ್ಲುತ್ತದೆ. ತೊಗಲಿನ ಅಂಚು ದವಡೆಯಿಂದ ಮುಂದಕ್ಕೆ ಚಾಚಿರಬಾರದು. ಚಾಚಿದರೆ ಅದು ಉಕ್ಕಿಗೆ ತಗುಲಿ ಕಿಡಿಯನ್ನು ಕುಂದಿಸುತ್ತದೆ.

ತೊಗಲಿಗೆ ಬದಲಾಗಿ ಸೀಸದ ತಗಡನ್ನು ಬಳಸುವ ಪದ್ಧತಿ ಯೂರೋಪಿನ ಸೈನ್ಯಗಳಲ್ಲಿತ್ತು. ಸೀಸ ಕಲ್ಲಿನ ಉಬ್ಬುತಗ್ಗುಗಳಿಗೆ ಹೊಂದಿಕೊಂಡು ಬಿಗಿಯಾಗಿ ಹಿಡಿಯುತ್ತದೆ. ಆದರೆ ಅದರ ಭಾರ ಕುದುರೆಯ ತಲೆಗೆ ಸೇರುತ್ತದೆ. ಬಲವಾದ ಸ್ಪ್ರಿಂಗಿನ ದೊಡ್ಡ ಬಂದೂಕು ಅದನ್ನು ತಾಳಿಕೊಳ್ಳಬಲ್ಲದು; ನಯವಾದ ರೈಫಲಿಗೆ ತೊಗಲೇ ಮೇಲು. ಬಟ್ಟೆ, ಕಾಗದಗಳು ಮಾತ್ರ ಸಲ್ಲವು. ಕಿಡಿ ಬಿದ್ದರೆ ಅವು ಒಳಗೊಳಗೇ ಕನಲುತ್ತವೆ. ಮುಂದಿನ ಸಲ ರಂಜಕ ಹಾಕುವವನ ಕೈಗೆ ಅಪಾಯ.

ಮೂರನೆಯದು ಅಂಚಿನ ನೆಲೆ. ಕುದುರೆಯನ್ನು ಅರ್ಧ ಏರಿಕೆಯಲ್ಲಿ ನಿಲ್ಲಿಸಿ, ಉಕ್ಕಿನ ಫಲಕವನ್ನು ಮುಚ್ಚಿ, ಮೇಲಿನಿಂದ ನೋಡಬೇಕು. ಕಲ್ಲಿನ ಅಂಚು ಫಲಕಕ್ಕೆ ಎಡದಿಂದ ಬಲದವರೆಗೆ ಸಮಾನಾಂತರವಾಗಿರಬೇಕು. ಒಂದು ಮೂಲೆ ಮುಂದಾಗಿದ್ದರೆ ಪೆಟ್ಟೆಲ್ಲ ಆ ಮೂಲೆಗೇ ಬಿದ್ದು ಕಲ್ಲು ಒಡೆಯುತ್ತದೆ. ಅಂಚು ಫಲಕಕ್ಕೆ ತೀರ ಹತ್ತಿರವಿರಬೇಕು, ಆದರೆ ಮುಟ್ಟಬಾರದು. ಮುಟ್ಟಿದರೆ ಮುಚ್ಚಳ ಸರಿಯಾಗಿ ಕೂರದೆ ರಂಜಕ ಚೆಲ್ಲುತ್ತದೆ. ಕಲ್ಲು ಗಿಡ್ಡವಾಗಿದ್ದರೆ ಅದರ ಬೆನ್ನಿಗೆ ತೊಗಲಿನ ಅಥವಾ ಮರದ ಸಣ್ಣ ಚಕ್ಕೆಯಿಟ್ಟು ಮುಂದಕ್ಕೆ ತರಬೇಕು.

ನಾಲ್ಕನೆಯದು ಓರೆ. ಬೆಣೆಯಾಕಾರದ ಕಲ್ಲಿನ ಇಳಿಜಾರು ಮುಖವನ್ನು ಮೇಲಕ್ಕೆ ಇಡಬೇಕೆ, ಕೆಳಕ್ಕೆ ಇಡಬೇಕೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಕುದುರೆಯ ಎತ್ತರ ಕೋವಿಯಿಂದ ಕೋವಿಗೆ ಬೇರೆ. ಕಲ್ಲು ಉಕ್ಕಿನ ಫಲಕದ ಮೇಲ್ಭಾಗದಲ್ಲಿ, ಬುಡದಿಂದ ಸುಮಾರು ಮೂರರಲ್ಲಿ ಎರಡು ಪಾಲು ಎತ್ತರದಲ್ಲಿ ತಾಗಿ ಅಲ್ಲಿಂದ ಕೆಳಗೆ ಹೆರೆಯುತ್ತ ಬರಬೇಕು. ಹೆರೆತ ಮುಗಿದಾಗ ಅಂಚು ರಂಜಕದ ಬಟ್ಟಲಿನ ನಡುವಿಗೆ ಮುಖಮಾಡಿರಬೇಕು. ಬಟ್ಟಲಿಗಾಗಲಿ ನಳಿಗೆಗಾಗಲಿ ತಗುಲಬಾರದು. ಎರಡು ರೀತಿಯಲ್ಲಿಯೂ ಇಟ್ಟು ಪರೀಕ್ಷಿಸಿ ಯಾವುದರಲ್ಲಿ ಈ ಲಕ್ಷಣಗಳು ಒದಗುತ್ತವೆಯೋ ಅದನ್ನು ಉಳಿಸಿಕೊಳ್ಳುವುದೇ ಕ್ರಮ. ಕೈ ಚಕಮಕಿಯಲ್ಲಿ ಮಣಿಕಟ್ಟು ಮಾಡುತ್ತಿದ್ದ ತಿದ್ದುಪಡಿ ಇದೇ.

ಐದನೆಯದು ಬಿಗಿ. ತಿರುಪನ್ನು ಒಮ್ಮೆ ಬಿಗಿದು, ಮದ್ದಿಲ್ಲದೆ ಎರಡು ಮೂರು ಸಲ ಕುದುರೆಯನ್ನು ಬಿಟ್ಟು, ಮತ್ತೆ ಬಿಗಿಯಬೇಕು. ಮೊದಲ ಪೆಟ್ಟುಗಳಿಗೆ ತೊಗಲು ಅಮುಕಿಕೊಂಡು ಸಡಿಲವಾಗುವುದೇ ಇದಕ್ಕೆ ಕಾರಣ. ಮಳೆಗಾಲದಲ್ಲಿ ತೊಗಲು ನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಒಣಗಿ ಸೊರಗುತ್ತದೆ. ನಿನ್ನೆ ಬಿಗಿಯಾಗಿದ್ದ ಕಲ್ಲು ಇಂದು ಅಲುಗಬಹುದು. ಆದ್ದರಿಂದ ಕೋವಿ ಹಿಡಿದವನು ಬೆರಳಿನಿಂದ ಕಲ್ಲನ್ನು ಅಲುಗಿಸಿ ನೋಡುವುದು ದಿನನಿತ್ಯದ ಪಾಠ. ಇಪ್ಪತ್ತು ಮೂವತ್ತು ಈಡುಗಳಾದ ಮೇಲೆ ಅಂಚು ಮೊಂಡಾಗುವುದು ಸಾಮಾನ್ಯ. ಆಗ ಸಣ್ಣ ಲೋಹದ ತುಂಡಿನಿಂದ ಅಂಚನ್ನು ಹಗುರವಾಗಿ ತಟ್ಟಿ ಚಿಪ್ಪು ಎಬ್ಬಿಸಿದರೆ ಹೊಸ ಹರಿತ ಬರುತ್ತದೆ. ಇಲ್ಲವಾದರೆ ಕಲ್ಲನ್ನು ಮಗುಚಿ ಕೂರಿಸಬೇಕು. ಫಲಕದ ಮೇಲೆ ಎಣ್ಣೆಯ ಪಸೆ ಇದ್ದರೆ ಎಷ್ಟು ಚೆನ್ನಾದ ಕಲ್ಲೂ ಕಿಡಿ ಕೊಡದು.

ಕಲ್ಲಿನ ಹಿಂದಿನ ಕೈಗಳು

ಮೇಲಿನ ವಿವರಗಳಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ರಾಜನ ಮುದ್ರೆಯ ಕೋವಿಯೊಂದು ಕೆಲಸ ಮಾಡಬೇಕಾದರೆ ಹಲವು ಕಸುಬುಗಳು ಒಂದು ಬೆರಳಗಲದ ಜಾಗದಲ್ಲಿ ಕೂಡಬೇಕಿತ್ತು. ಉಕ್ಕಿನ ಫಲಕ ಕಮ್ಮಾರನ ವಿದ್ಯೆ. ಅದು ಮೆದುವಾದರೆ ಕಲ್ಲು ಅದನ್ನು ಅಗೆಯುತ್ತದೆ, ಅತಿ ಗಡುಸಾದರೆ ಕಿಡಿ ಉದುರುವುದಿಲ್ಲ. ಕಾಯಿಸಿ ನೀರಿಗೆ ಅದ್ದುವ ಹದದಲ್ಲಿ ಅದರ ಜೀವವಿದೆ. ಮೈಸೂರು ನಾಡು ಉಕ್ಕಿಗೆ ಹೆಸರಾದುದು. ಯೂರೋಪಿನ ವಿದ್ವಾಂಸರು ‘ವೂಟ್ಜ್’ ಎಂದು ಬರೆದ ಪದದ ಮೂಲ ಕನ್ನಡದ ‘ಉಕ್ಕು’ ಎಂಬುದು ಬಹುಮಾನ್ಯವಾದ ಅಭಿಪ್ರಾಯ. 1800–01ರಲ್ಲಿ ಮೈಸೂರು ರಾಜ್ಯದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಹಳ್ಳಿಗಳ ಕಬ್ಬಿಣ ಮತ್ತು ಉಕ್ಕಿನ ಕುಲುಮೆಗಳನ್ನು ವಿವರವಾಗಿ ದಾಖಲಿಸಿದ್ದಾನೆ.

ತೊಗಲಿನ ಚೂರಿಗೆ ಅಂಥ ದಾಖಲೆಯ ಭಾಗ್ಯ ದೊರೆತಿಲ್ಲ. ತಂಗಡಿ ಚಕ್ಕೆಯಲ್ಲಿ ತೊಗಲನ್ನು ನೆನೆಸಿ ಹದಗೊಳಿಸುವ ವಿದ್ಯೆ ಮಾದಿಗ, ಮಚ್ಚೆಗಾರ, ಸಮಗಾರ ಸಮುದಾಯಗಳ ತಲೆತಲಾಂತರದ ಸಂಪತ್ತು. ಬಾವಿಯ ಕಪಿಲೆಗೂ ತಮಟೆಗೂ ಮೆಟ್ಟಿಗೂ ಒದಗಿದ ಅದೇ ಹದ ಕೋವಿಯ ದವಡೆಗೂ ಬೇಕಾಗಿತ್ತು. ಆಯುಧದ ಚರಿತ್ರೆ ಬರೆದವರು ನಳಿಗೆಯ ಮೇಲಿನ ಚಿನ್ನದ ಗೆರೆಗಳನ್ನು ವರ್ಣಿಸಿದ್ದಾರೆ. ಅದೇ ಕೋವಿಯನ್ನು ನಿಜವಾಗಿ ಹೊತ್ತಿಸುತ್ತಿದ್ದ ತೊಗಲಿನ ತುಂಡಿನ ಮಾತು ವಿರಳ. ಇದನ್ನು ಎತ್ತಿ ಹೇಳುವುದು ಜಾನಪದ ಅಧ್ಯಯನದ ಹೊಣೆ.

ಮರೆವಿನ ದಾರಿ

ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಕೋವಿ ಹೊತ್ತಿಸುವ ವಿಧಾನಕ್ಕೆ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸೈತ್ 1807ರಲ್ಲಿ ಹಕ್ಕುಪತ್ರ ಪಡೆದನು. ಅದರಿಂದ ಹುಟ್ಟಿದ ‘ಕೇಪು’ ಕಲ್ಲಿನ ಕಾಲವನ್ನು ಮುಗಿಸಿತು. ಹಲವು ಚಕಮಕಿ ಕೋವಿಗಳ ದವಡೆಯನ್ನು ತೆಗೆದು ಕೇಪಿನ ಕೋವಿಗಳಾಗಿ ಮಾರ್ಪಡಿಸಲಾಯಿತು. ಆ ಮೇಲೆ ಬಂದದ್ದು ತೋಟೆ ಕೋವಿ.

ತಂತ್ರದ ಬದಲಾವಣೆಯೊಡನೆ ಆಳರಸರ ಕಾನೂನೂ ಸೇರಿತು. 1857ರ ನಿಶ್ಶಸ್ತ್ರೀಕರಣ ಶಾಸನದ ವಿರುದ್ಧ ಮುಧೋಳ ಸೀಮೆಯ ಹಲಗಲಿಯ ಬೇಡರು ಬಂಡೆದ್ದುದು ಕನ್ನಡ ಲಾವಣಿಯ ಮೂಲಕ ನಾಡಿಗೇ ಪರಿಚಿತ. ಅರಕಲಗೂಡಿನ ಗಡಿಗೆ ಹೊಂದಿಕೊಂಡ ಕೊಡಗಿನಲ್ಲಿ ಇದಕ್ಕೆ ವಿರುದ್ಧವಾದುದು ನಡೆಯಿತು. ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಆ ಶಾಸನದಿಂದ ವಿನಾಯಿತಿ ನೀಡಿದನು. ಸ್ವಾತಂತ್ರ್ಯಾನಂತರ 1959ರ ಆಯುಧ ಕಾಯಿದೆಯ ಅಡಿಯಲ್ಲಿಯೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯಿತಿ ಮುಂದುವರಿದಿದ್ದು, ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್ ಮುಹೂರ್ತದ ಹಬ್ಬದಲ್ಲಿ ಕೋವಿಗಳನ್ನು ಪೂಜೆಗಿಟ್ಟು ನಳಿಗೆಗೆ ‘ತೋಕ್ ಪೂ’ ಮುಡಿಸುವ ಆಚರಣೆ ಅಲ್ಲಿ ಜೀವಂತವಾಗಿದೆ. ಆದರೆ ಅಲ್ಲಿಯೂ ಇಂದು ಪೂಜೆಗೊಳ್ಳುವ ಕೋವಿ ಬಹುಮಟ್ಟಿಗೆ ತೋಟೆಯದು. ಆಚರಣೆ ಉಳಿದರೂ ಕಲ್ಲಿನ ವಿದ್ಯೆ ಉಳಿಯಲಿಲ್ಲ.

ಹೊಳೆನರಸೀಪುರದ ಕಡೆ ಉಳಿದುದು ಪದ ಮಾತ್ರ. ಚಕಮಕಿಯನ್ನು ಕೈಯಲ್ಲಿ ಹಿಡಿದು ಬೆಂಕಿ ಮಾಡಿದ ತಲೆಮಾರು ಕರಗುತ್ತಿದೆ. ವಸ್ತುಸಂಗ್ರಹಾಲಯದ ಗಾಜಿನೊಳಗೆ ಬರಿದಾದ ದವಡೆಯ ಕೋವಿಯನ್ನು ಇಟ್ಟು ರಾಜನ ಹೆಸರು, ಇಸವಿ ಬರೆದರೆ ನೋಡುವವನಿಗೆ ಅದೊಂದು ಕಬ್ಬಿಣದ ಕೋಲಾಗಿ ಕಾಣುತ್ತದೆ. ಅದರ ಪಕ್ಕದಲ್ಲಿ ರೈತನ ಚಕಮಕಿ ಚೀಲ, ಕಮ್ಮಾರನ ಉಕ್ಕಿನ ತುಂಡು, ತಂಗಡಿ ಹದದ ತೊಗಲಿನ ಚೂರು, ಒಂದು ಹಿಡಿ ಬೈನೆ ಜುಂಗು ಇಟ್ಟರೆ ಕೋವಿಗೆ ಮಾತು ಬರುತ್ತದೆ. ಕಲ್ಲನ್ನು ಬೆರಳು ಹೇಗೆ ಹಿಡಿಯುತ್ತಿತ್ತೋ ಹಾಗೆಯೇ ದವಡೆ ಹಿಡಿಯುವಂತೆ ಮಾಡಿದವರು ಯಾರೆಂಬುದು ಆಗ ತಿಳಿಯುತ್ತದೆ. ಚಕಮಕಿ ಬಳಸಬಲ್ಲ ಹಿರಿಯರು ಇನ್ನೂ ಇರುವ ಊರುಗಳಲ್ಲಿ ಅವರ ಬೆರಳಿನ ಹಿಡಿತವನ್ನು ಚಲನಚಿತ್ರದಲ್ಲಿ ಸೆರೆಹಿಡಿಯುವ ಕೆಲಸ ತಡವಿಲ್ಲದೆ ಆಗಬೇಕಾಗಿದೆ. ಪದವನ್ನು ನಿಘಂಟು ಕಾಯುತ್ತದೆ. ಹಿಡಿತವನ್ನು ಕಾಯುವ ನಿಘಂಟು ಇನ್ನೂ ಸಿದ್ಧವಾಗಬೇಕಾಗಿದೆ.